ಖಾಲಿ ತೂತಿಗೂ ಹೆಸರು ಕೊಟ್ಟವನು

ಯಾವುದೇ ಕಾರಿನ ಎಂಜಿನ್ ಬ್ಲಾಕನ್ನು ಹೊರಗೆ ತೆಗೆದು ಸ್ಟ್ಯಾಂಡ್ ಮೇಲೆ ಕೂರಿಸಿ ಒಂದು ಸುತ್ತು ಹಾಕಿ ನೋಡಿ. ಬೋಲ್ಟ್ ಕೂರುವ ತೂತುಗಳ ಮಧ್ಯೆ ಬೋಲ್ಟೇ ಇಲ್ಲದ ತೂತುಗಳೂ ಕಾಣಿಸುತ್ತವೆ. ಪಕ್ಕದಲ್ಲಿ ಎರಡು, ಗೇರ್‌ಬಾಕ್ಸ್ ಕೂರುವ ಮುಖದಲ್ಲಿ ಒಂದು, ಆಲ್ಟರ್ನೇಟರ್ ಬ್ರಾಕೆಟ್ ಕೆಳಗೆ ಇನ್ನೊಂದು. ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವವರಿಗೆ ಎದೆ ಧಸಕ್ ಅನ್ನೋದು ಇಲ್ಲೇ. ಇಲ್ಲಿ ಮೊದಲಿಂದಲೂ ಬೋಲ್ಟ್ ಇರಲಿಲ್ವಾ? ಅಥವಾ ಇದ್ದಿದ್ದು ಎಲ್ಲೋ ಕಳೆದುಹೋಯ್ತಾ?

ಎಷ್ಟೋ ಸಲ ಇವು ತಪ್ಪಿನಿಂದ ಆದ ತೂತುಗಳಲ್ಲ. ಕಂಪನಿಗಳು ಒಂದೇ ಬ್ಲಾಕನ್ನು ಮೂರ್ನಾಲ್ಕು ಮಾಡೆಲ್‌ಗಳಿಗೆ ಬಳಸುತ್ತವೆ. ಒಂದರಲ್ಲಿ ಎಂಜಿನ್ ಅಡ್ಡ ಕೂರುತ್ತೆ, ಇನ್ನೊಂದರಲ್ಲಿ ಉದ್ದಕ್ಕೆ. ಒಂದರಲ್ಲಿ ಎ.ಸಿ. ಕಂಪ್ರೆಸರ್ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಪ್ರತಿ ಮಾಡೆಲ್‌ಗೂ ಬೇರೆ ಬೇರೆ ಬ್ಲಾಕ್ ಮಾಡೋದಕ್ಕಿಂತ ಎಲ್ಲಕ್ಕೂ ಬೇಕಾಗುವ ತೂತುಗಳನ್ನು ಒಂದರಲ್ಲೇ ಕೊರೆದುಬಿಡೋದು ಅಗ್ಗ. ಇನ್ನು ಕೆಲವು ತೂತುಗಳು ಫ್ಯಾಕ್ಟರಿಯಲ್ಲಿ ಬ್ಲಾಕನ್ನು ಮಷೀನ್ ಮೇಲೆ ಹಿಡಿದು ನಿಲ್ಲಿಸೋಕೆ ಮಾತ್ರ. ಕಾರು ಹೊರಗೆ ಬಂದ ಮೇಲೆ ಅವಕ್ಕೆ ಕೆಲಸವೇ ಇಲ್ಲ.

ಯಾವ ತೂತು ಯಾವ ಜಾತಿಯದು ಅಂತ ಗುರುತಿಸೋಕೆ ಕೇಳಬೇಕಾದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಒಂದು: ಇದರೊಳಗಿನ ಥ್ರೆಡ್ ಯಾವುದು? ಇವತ್ತು ಪಿಚ್ ಗೇಜ್ ಇಟ್ಟು ನೋಡಿ ಒಂದು ನಿಮಿಷದಲ್ಲಿ ಎಂ8, 1.25 ಪಿಚ್ ಅಂತ ಹೇಳಬಹುದು. ಅದೇ ಹೆಸರು ಹೇಳಿ ಯಾವ ಊರಿನ ಅಂಗಡಿಯಲ್ಲಿ ಬೋಲ್ಟ್ ತಂದರೂ ಸರಿಯಾಗಿ ಕೂರುತ್ತೆ. ನಮಗೆ ಇದು ಗಾಳಿ ನೀರಿನಷ್ಟು ಸಹಜ ಅನ್ನಿಸುತ್ತೆ. ಆದರೆ ಈ ಅನುಕೂಲಕ್ಕೆ ಇನ್ನೂ 200 ವರ್ಷ ಕೂಡ ಆಗಿಲ್ಲ. ಅದಕ್ಕೆ ಮೊದಲು ಒಂದು ತೂತಿನ ಗುಟ್ಟು ಅದನ್ನು ಕೊರೆದವನಿಗೆ ಮಾತ್ರ ಗೊತ್ತಿರುತ್ತಿತ್ತು. ಆ ಸ್ಥಿತಿಯನ್ನು ಬದಲಾಯಿಸಿದವನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್.

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ. ಅಪ್ಪ ಶಾಲೆಯ ಮೇಷ್ಟ್ರು. ಜೋಸೆಫ್ ಚಿಕ್ಕವನಿರುವಾಗಲೇ ತಾಯಿ ತೀರಿಕೊಂಡಳು. ಅಪ್ಪ ಪಾದ್ರಿಯಾಗೋಕೆ ಹೊರಟ, ಮಕ್ಕಳು ಬೇರೆ ಬೇರೆ ಮನೆ ಸೇರಿದರು. ಹುಡುಗ ಲೀಡ್ಸ್ ಹತ್ತಿರದ ಒಂದು ಶಾಲೆಯಲ್ಲಿ ಸ್ವಲ್ಪ ದಿನ ಓದಿದ. ಹದಿನಾಲ್ಕು ವರ್ಷಕ್ಕೆ ಅವನನ್ನು ಡರ್ಬಿಶೈರ್‌ನಲ್ಲಿದ್ದ ಸೋದರಮಾವನ ಹತ್ತಿ ಗಿರಣಿಗೆ ಕಳಿಸಿದರು. ಕೆಲಸ ಕಲಿತು ಮುಂದೆ ಗಿರಣಿಯಲ್ಲಿ ಪಾಲುದಾರನಾಗಲಿ ಅನ್ನೋದು ಮನೆಯವರ ಲೆಕ್ಕ.

ಆದರೆ ಹುಡುಗನ ಕಣ್ಣು ನೂಲಿನ ಮೇಲಿರಲಿಲ್ಲ, ನೂಲುವ ಯಂತ್ರಗಳ ಮೇಲಿತ್ತು. ಅವು ಎಷ್ಟು ಒರಟಾಗಿ ಮಾಡಿದ ಯಂತ್ರಗಳು ಅನ್ನೋದು ಅವನಿಗೆ ಬೇಗ ಗೊತ್ತಾಯ್ತು. ಒಂದು ಭಾಗ ಮುರಿದರೆ ಹೊಸದನ್ನು ಅರದಿಂದ ಉಜ್ಜಿ ಉಜ್ಜಿ ಅಲ್ಲೇ ಹೊಂದಿಸಬೇಕು. ಒಂದು ಯಂತ್ರದ ಭಾಗ ಪಕ್ಕದ ಯಂತ್ರಕ್ಕೆ ಕೂರಲ್ಲ. ನಾಲ್ಕು ವರ್ಷ ಸಹಿಸಿಕೊಂಡ ಮೇಲೆ ಅವನು ಮಾವನ ಗಿರಣಿಯನ್ನೂ ಪಾಲುದಾರಿಕೆಯನ್ನೂ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೊರಟುಹೋದ. ಅಲ್ಲಿ ಸಾಮಾನ್ಯ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದ. ಮಾಲೀಕನಾಗುವ ದಾರಿ ಬಿಟ್ಟು ಕೂಲಿ ಕೆಲಸ ಹಿಡಿದದ್ದು ಮನೆಯವರ ಕಣ್ಣಿಗೆ ಹುಚ್ಚಾಟದ ಹಾಗೆ ಕಂಡಿದ್ದರೆ ಆಶ್ಚರ್ಯವೇನಿಲ್ಲ.

1825ರಲ್ಲಿ, ಮದುವೆಯಾದ ವರ್ಷವೇ, ಲಂಡನ್‌ಗೆ ಹೋದ. ಆಗ ಲಂಡನ್‌ನಲ್ಲಿ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆ ಅಂದ್ರೆ ನಮ್ಮ ಕಾಲದಲ್ಲಿ ಒಳ್ಳೆ ರಿಸರ್ಚ್ ಲ್ಯಾಬ್ ಇದ್ದ ಹಾಗೆ. ಸ್ಕ್ರೂ ಕತ್ತರಿಸುವ ಲೇಥನ್ನು ನಂಬಿಕೆಗೆ ಅರ್ಹವಾದ ಯಂತ್ರವಾಗಿ ಮಾಡಿದವನೇ ಈ ಮಾಡ್ಸ್ಲೆ. ತನ್ನ ಕಾರ್ಖಾನೆಯೊಳಗಾದರೂ ಎಲ್ಲರೂ ಒಂದೇ ರೀತಿಯ ಥ್ರೆಡ್ ಬಳಸಬೇಕು ಅಂತ ಹಟ ಹಿಡಿದಿದ್ದ. ವಿಟ್‌ವರ್ತ್ ಅಲ್ಲಿ ಪಳಗಿದ. ಆಮೇಲೆ ಜೋಸೆಫ್ ಕ್ಲೆಮೆಂಟ್ ಅನ್ನುವ ಇನ್ನೊಬ್ಬ ನಿಪುಣನ ಬಳಿ ಕೆಲಸ ಮಾಡಿದ. ಚಾರ್ಲ್ಸ್ ಬ್ಯಾಬೇಜ್‌ನ ಡಿಫರೆನ್ಸ್ ಎಂಜಿನ್‌ನ ಭಾಗಗಳು ತಯಾರಾಗುತ್ತಿದ್ದದ್ದು ಕ್ಲೆಮೆಂಟ್ ಕಾರ್ಖಾನೆಯಲ್ಲೇ. ಕಂಪ್ಯೂಟರ್ ಸೈನ್ಸ್‌ನವರು ಓದಿದ ಹೆಸರೂ ಮೆಕ್ಯಾನಿಕಲ್‌ನವರು ಓದಿದ ಹೆಸರೂ ಒಂದೇ ಸೂರಿನ ಕೆಳಗೆ ಸಿಗುವ ಅಪರೂಪದ ಜಾಗ ಅದು.

1833ರಲ್ಲಿ ಮ್ಯಾಂಚೆಸ್ಟರ್‌ಗೆ ವಾಪಸ್ ಬಂದು ಚಾರ್ಲ್‌ಟನ್ ಸ್ಟ್ರೀಟ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದ. ಮಾಡುತ್ತಿದ್ದದ್ದು ಲೇಥ್, ಪ್ಲೇನಿಂಗ್ ಮಷೀನ್, ಡ್ರಿಲ್ಲಿಂಗ್ ಮಷೀನ್. ಅಂದ್ರೆ ಯಂತ್ರಗಳನ್ನು ಮಾಡುವ ಯಂತ್ರಗಳು.

ಅವನ ಮೊದಲ ದೊಡ್ಡ ಕೆಲಸ ಸಪಾಟು ಮೇಲ್ಮೈಗೆ ಸಂಬಂಧಿಸಿದ್ದು. ಸಪಾಟು ಅನ್ನೋದು ಕೇಳೋಕೆ ಸುಲಭ. ಆದರೆ ಹೋಲಿಸಿ ನೋಡೋಕೆ ಸಪಾಟಾದ ವಸ್ತುವೇ ಇಲ್ಲದಿದ್ದಾಗ ಮೊದಲನೆಯದನ್ನು ಹೇಗೆ ಮಾಡ್ತೀರಾ? ಎರಡು ಕಬ್ಬಿಣದ ತಟ್ಟೆಗಳನ್ನು ಒಂದಕ್ಕೊಂದು ಉಜ್ಜಿ ಹೊಂದಿಸಿದರೆ ಮೋಸ ಹೋಗಬಹುದು. ಒಂದು ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಾಗಿದ್ದರೆ ಎರಡೂ ಅಂಟಿಕೊಂಡ ಹಾಗೆ ಕೂರುತ್ತವೆ, ಆದರೆ ಎರಡೂ ಸಪಾಟಲ್ಲ. ಅದಕ್ಕೆ ಮೂರು ತಟ್ಟೆ ಬೇಕು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ ಹೊಂದಬೇಕು. ಮೂರೂ ಜೋಡಿ ಹೊಂದಬೇಕಾದರೆ ಮೂರೂ ಸಪಾಟಾಗಿರಲೇಬೇಕು, ಬೇರೆ ದಾರಿಯಿಲ್ಲ.

ಆಗ ತಟ್ಟೆಗಳ ನಡುವೆ ಎಮರಿ ಪುಡಿ ಹಾಕಿ ಉಜ್ಜುವ ಅಭ್ಯಾಸವಿತ್ತು. ಪುಡಿ ಎಲ್ಲಾ ಕಡೆ ಒಂದೇ ಸಮ ಕೊರೆಯಲ್ಲ. ವಿಟ್‌ವರ್ತ್ ಅದನ್ನು ಬಿಡಿಸಿದ. ತಟ್ಟೆಗೆ ತೆಳುವಾಗಿ ಬಣ್ಣ ಹಚ್ಚಿ, ಇನ್ನೊಂದನ್ನು ಅದರ ಮೇಲಿಟ್ಟು, ಬಣ್ಣ ಅಂಟಿದ ಉಬ್ಬುಗಳನ್ನು ಮಾತ್ರ ಸ್ಕ್ರೇಪರ್‌ನಿಂದ ಕೆರೆಯುವ ಪದ್ಧತಿ ಅವನದು. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಇದನ್ನು ವಿವರಿಸಿದ. ನಮ್ಮ ಫಿಟ್ಟಿಂಗ್ ಲ್ಯಾಬ್‌ನ ಸರ್ಫೇಸ್ ಪ್ಲೇಟ್ ಆ ತಟ್ಟೆಗಳ ಮರಿಮೊಮ್ಮಗ.

ಮುಂದಿನ ವರ್ಷ, 1841ರಲ್ಲಿ, ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಮುಂದೆ ಥ್ರೆಡ್‌ಗಳ ಬಗ್ಗೆ ಒಂದು ಪ್ರಬಂಧ ಓದಿದ. ಅವನ ಹೆಸರು ಉಳಿದದ್ದು ಇದರಿಂದ.

ಆ ಹೊತ್ತಿನ ಪರಿಸ್ಥಿತಿ ಊಹಿಸಿಕೊಳ್ಳಿ. ರೈಲುಗಳು ಓಡೋಕೆ ಶುರುವಾಗಿದ್ದವು, ಒಂದೊಂದು ಎಂಜಿನ್‌ನಲ್ಲೂ ರಾಶಿ ರಾಶಿ ಬೋಲ್ಟ್. ಪ್ರತಿ ಕಾರ್ಖಾನೆಗೂ ಅದರದ್ದೇ ಥ್ರೆಡ್. ಒಬ್ಬ ಒಂದು ಇಂಚಿಗೆ ಇಷ್ಟು ಸುತ್ತು ಹಾಕಿದರೆ ಇನ್ನೊಬ್ಬ ಅಷ್ಟು. ಒಬ್ಬನ ಥ್ರೆಡ್ ಚೂಪು, ಮತ್ತೊಬ್ಬನದು ಮೊಂಡು. ರಿಪೇರಿಗೆ ಬಿಚ್ಚುವಾಗ ಬೋಲ್ಟನ್ನೂ ಅದರ ನಟ್ಟನ್ನೂ ಗಂಡ ಹೆಂಡತಿ ಹಾಗೆ ಜೊತೆಗೇ ಇಡಬೇಕಿತ್ತು. ಒಂದು ಕಳೆದರೆ ಇನ್ನೊಂದೂ ಹೋದ ಹಾಗೆ. ತಯಾರಿಸಿದ ಕಾರ್ಖಾನೆ ಮುಚ್ಚಿಹೋಗಿದ್ದರೆ ಆ ಯಂತ್ರದ ತೂತುಗಳಿಗೆ ಇನ್ನು ದಿಕ್ಕಿಲ್ಲ.

ಇಲ್ಲಿ ವಿಟ್‌ವರ್ತ್ ಮಾಡಿದ ಕೆಲಸ ನೋಡಿ. ಆಗ ಇಂಗ್ಲೆಂಡಿನಲ್ಲಿ ಅವನಷ್ಟು ನಿಖರವಾಗಿ ಲೋಹ ಕತ್ತರಿಸುವವರು ಬೆರಳೆಣಿಕೆಯಷ್ಟು ಜನ. ಲೆಕ್ಕ ಹಾಕಿ ತನ್ನದೇ ಅತ್ಯುತ್ತಮ ಥ್ರೆಡ್ ರೂಪಿಸಿ, ಎಲ್ಲರೂ ಇದನ್ನೇ ಒಪ್ಪಬೇಕು ಅಂತ ಹೇಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ದೇಶದ ಬೇರೆ ಬೇರೆ ಕಾರ್ಖಾನೆಗಳಿಂದ ಬೋಲ್ಟ್‌ಗಳನ್ನು ತರಿಸಿಕೊಂಡ. ಅವುಗಳ ಪಿಚ್, ಆಳ, ಕೋನ ಎಲ್ಲವನ್ನೂ ಅಳೆದು ಸರಾಸರಿ ತೆಗೆದ. ಥ್ರೆಡ್‌ನ ಎರಡು ಬದಿಗಳ ನಡುವಿನ ಕೋನ ಸರಾಸರಿ 55 ಡಿಗ್ರಿ ಬಂತು, ಅದನ್ನೇ ಇಟ್ಟುಕೊಂಡ. ಮೇಲಿನ ಮೂಲೆಯಲ್ಲೂ ಕೆಳಗಿನ ಮೂಲೆಯಲ್ಲೂ ಆರರಲ್ಲಿ ಒಂದು ಭಾಗ ದುಂಡಗೆ ಮಾಡಿದ, ಚೂಪು ತುದಿ ಬೇಗ ಪೆಟ್ಟು ತಿನ್ನದ ಹಾಗೆ. ಪ್ರತಿ ವ್ಯಾಸಕ್ಕೂ ಇಂಚಿಗೆ ಎಷ್ಟು ಥ್ರೆಡ್ ಅಂತ ಒಂದು ಪಟ್ಟಿ ಕೊಟ್ಟ: 1/4 ಇಂಚಿಗೆ 20, 1/2 ಇಂಚಿಗೆ 12, 1 ಇಂಚಿಗೆ 8.

ಅಂದ್ರೆ ಆ 55 ಡಿಗ್ರಿ ಯಾವ ಸಮೀಕರಣದಿಂದಲೂ ಬಂದದ್ದಲ್ಲ. ಎಲ್ಲರ ಅಭ್ಯಾಸಗಳ ಮಧ್ಯದ ಬಿಂದು ಅದು. ಯಾರ ಥ್ರೆಡ್ಡೂ ಪೂರ್ತಿ ಗೆಲ್ಲಲಿಲ್ಲ, ಯಾರದ್ದೂ ಪೂರ್ತಿ ಸೋಲಲಿಲ್ಲ. ಪ್ರತಿಯೊಬ್ಬನೂ ಸ್ವಲ್ಪ ಬದಲಾದರೆ ಸಾಕಿತ್ತು. ರೈಲ್ವೆ ಕಾರ್ಖಾನೆಗಳು ಮೊದಲು ಒಪ್ಪಿದವು. ಎರಡು ದಶಕ ಕಳೆಯುವಷ್ಟರಲ್ಲಿ ಬ್ರಿಟನ್‌ನಲ್ಲಿ ಬಹುತೇಕ ಎಲ್ಲಾ ಕಡೆ ಅದೇ ಥ್ರೆಡ್.

1851ರಲ್ಲಿ ಲಂಡನ್‌ನ ಮಹಾ ಪ್ರದರ್ಶನದಲ್ಲಿ ಅವನ ಯಂತ್ರಗಳನ್ನು ನೋಡಿ ಜನ ಬೆರಗಾದರು. ಅದರಲ್ಲೊಂದು ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸ ತೋರಿಸುವ ಅಳತೆ ಯಂತ್ರ. ಅದರ ಲೆಕ್ಕ ನಮ್ಮ ಮೊದಲ ವರ್ಷದವರಿಗೂ ಅರ್ಥ ಆಗತ್ತೆ. ಸ್ಕ್ರೂನಲ್ಲಿ ಇಂಚಿಗೆ 20 ಥ್ರೆಡ್. ಅದನ್ನು ತಿರುಗಿಸುವ ವರ್ಮ್ ವೀಲ್‌ಗೆ 200 ಹಲ್ಲು. ವರ್ಮನ್ನು ತಿರುಗಿಸುವ ಕೈಚಕ್ರದ ಅಂಚಿನಲ್ಲಿ 250 ಗೆರೆ. 20, 200, 250 ಗುಣಿಸಿದರೆ ಹತ್ತು ಲಕ್ಷ. ಕೈಚಕ್ರ ಒಂದು ಗೆರೆ ಸರಿದರೆ ಅಳತೆ ಇಂಚಿನ ಹತ್ತು ಲಕ್ಷದಲ್ಲೊಂದು ಭಾಗ ಸರಿಯುತ್ತೆ. ಎಲೆಕ್ಟ್ರಾನಿಕ್ಸ್ ಇಲ್ಲ, ಲೇಸರ್ ಇಲ್ಲ, ಮೂರು ಸಂಖ್ಯೆ ಅಷ್ಟೆ.

ಥ್ರೆಡ್ ಒಪ್ಪಂದದ ನಿಜವಾದ ಪರೀಕ್ಷೆ ಯುದ್ಧದಲ್ಲಿ ಬಂತು. 1853ರಿಂದ 1856ರವರೆಗೆ ನಡೆದ ಕ್ರೈಮಿಯಾ ಯುದ್ಧದ ಹೊತ್ತಿಗೆ ಬ್ರಿಟಿಷ್ ನೌಕಾಪಡೆಗೆ ಸಣ್ಣ ಗನ್‌ಬೋಟ್‌ಗಳು ತುರ್ತಾಗಿ ಬೇಕಾದವು. ಸುಮಾರು 90 ಜೊತೆ ಎಂಜಿನ್ ಬೇಕು, ಅದೂ ಕೆಲವೇ ತಿಂಗಳಲ್ಲಿ. ಗ್ರೀನಿಚ್‌ನ ಜಾನ್ ಪೆನ್‌ಗೆ ಗೊತ್ತಿತ್ತು, ಒಂದೇ ಕಾರ್ಖಾನೆಯಿಂದ ಇದು ಆಗದ ಕೆಲಸ. ಅವನು ಮಾದರಿ ಎಂಜಿನ್‌ಗಳನ್ನು ಬಿಚ್ಚಿ ಒಂದೊಂದು ಭಾಗವನ್ನು ಒಂದೊಂದು ಕಾರ್ಖಾನೆಗೆ ಕಳಿಸಿ, ಇದರ ಹಾಗೆಯೇ ಅಷ್ಟೂ ಮಾಡಿಕೊಡಿ ಅಂದ. ಒಬ್ಬರನ್ನೊಬ್ಬರು ನೋಡಿರದ ಕೆಲಸಗಾರರು ದೇಶದ ಮೂಲೆ ಮೂಲೆಯಲ್ಲಿ ಕೂತು ಮಾಡಿದ ಭಾಗಗಳು ಒಂದು ಕಡೆ ಸೇರಿ ಎಂಜಿನ್ ಆದವು. ಒಬ್ಬ ಕೊರೆದ ತೂತಿಗೆ ಮತ್ತೊಬ್ಬ ಮಾಡಿದ ಬೋಲ್ಟ್ ಕೂತಿತು. ಎಲ್ಲರೂ ವಿಟ್‌ವರ್ತ್ ಪಟ್ಟಿಯನ್ನೇ ಹಿಡಿದಿದ್ದರಿಂದ ಇದು ಸಾಧ್ಯವಾಯ್ತು.

ಅದೇ ಯುದ್ಧದ ಕಾಲದಲ್ಲಿ ಸರ್ಕಾರ ಅವನಿಗೆ ಇನ್ನೊಂದು ಕೆಲಸ ಒಪ್ಪಿಸಿತು: ಸೇನೆಯ ರೈಫಲ್ ಸುಧಾರಿಸೋದು. ಈ ಸಲ ವಿಟ್‌ವರ್ತ್ ಸರಾಸರಿ ತೆಗೆಯಲಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ಹುಡುಕಿದ. ಮ್ಯಾಂಚೆಸ್ಟರ್‌ನ ತನ್ನ ಮನೆಯ ಜಾಗದಲ್ಲಿ ಗಾಳಿ ತಾಗದ ಹಾಗೆ ಮುಚ್ಚಿದ, ಸುಮಾರು 500 ಗಜ ಉದ್ದದ ಗ್ಯಾಲರಿ ಕಟ್ಟಿಸಿದ. ಗುಂಡು ದಾರಿಯಲ್ಲಿ ಹೇಗೆ ಸಾಗುತ್ತೆ ಅಂತ ಪ್ರಯೋಗದ ಮೇಲೆ ಪ್ರಯೋಗ ಮಾಡಿದ. ಕೊನೆಗೆ ಹೊರಬಂದದ್ದು ಒಳಗೆ ಆರು ಮೂಲೆಯ ನಳಿಕೆ ಇರುವ, 0.451 ಇಂಚು ಬೋರಿನ ರೈಫಲ್. ಆಗ ಸೇನೆಯಲ್ಲಿದ್ದ ಎನ್‌ಫೀಲ್ಡ್ ರೈಫಲ್‌ನ ಬೋರ್ 0.577 ಇಂಚು. 1857ರ ಪರೀಕ್ಷೆಯಲ್ಲಿ ವಿಟ್‌ವರ್ತ್ ರೈಫಲ್ ಅದನ್ನು ಬಹಳ ಹಿಂದೆ ಹಾಕಿತು. 1860ರಲ್ಲಿ ವಿಂಬಲ್ಡನ್‌ನ ರೈಫಲ್ ಸ್ಪರ್ಧೆಯನ್ನು ಉದ್ಘಾಟಿಸಿದ ವಿಕ್ಟೋರಿಯಾ ರಾಣಿ, ಸ್ಟ್ಯಾಂಡ್‌ಗೆ ಬಿಗಿದಿಟ್ಟ ವಿಟ್‌ವರ್ತ್ ರೈಫಲ್‌ನ ದಾರ ಎಳೆದಾಗ ಗುಂಡು 400 ಗಜ ದೂರದ ಗುರಿಯ ನಡುಮಧ್ಯದ ಹತ್ತಿರವೇ ಬಿತ್ತು.

ಆದರೂ ಸೇನೆ ಬೇಡ ಅಂತು. ಬೋರ್ ಚಿಕ್ಕದು, ಮಸಿ ಕಟ್ಟಿಕೊಂಡು ಬೇಗ ತುಂಬುತ್ತೆ, ಎನ್‌ಫೀಲ್ಡ್‌ಗಿಂತ ಬೆಲೆ ಹಲವು ಪಟ್ಟು ಜಾಸ್ತಿ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಗಳ ಗುರಿಕಾರರು ಕೆಲವರು ಇದನ್ನು ಬಳಸಿದರು, ದೂರದಿಂದಲೇ ಅಧಿಕಾರಿಗಳನ್ನು ಕೊಲ್ಲೋಕೆ. ಅವನ ತೋಪುಗಳಿಗೂ ಮನೆಯಲ್ಲಿ ಇದೇ ಗತಿ ಆಯ್ತು. ಸೇನೆಯ ಕಮಿಟಿಗಳ ಜೊತೆ ವರ್ಷಗಟ್ಟಲೆ ಜಗಳ ನಡೀತು. ವಿಟ್‌ವರ್ತ್ ಬಗ್ಗುವ ಜಾಯಮಾನದವನಲ್ಲ.

ಇವೆರಡನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ನಮಗೆ, ಅಂದ್ರೆ ಎಂಜಿನಿಯರಿಂಗ್ ಓದುವವರಿಗೆ, ಒಂದು ವಿಷಯ ಹೊಳೆಯುತ್ತೆ. ಅವನು ಮಾಡಿದ್ದರಲ್ಲಿ ಅತ್ಯುತ್ತಮವಾದ ರೈಫಲ್ ಮ್ಯೂಸಿಯಂ ಸೇರಿತು. ಎಲ್ಲರಿಂದ ಸ್ವಲ್ಪ ಸ್ವಲ್ಪ ತೆಗೆದುಕೊಂಡು ಮಾಡಿದ ಥ್ರೆಡ್ ಲೋಕವನ್ನೇ ಆವರಿಸಿತು. ಎಕ್ಸಾಮ್‌ನಲ್ಲಿ ನಮ್ಮನ್ನು ಕೇಳೋದು ಯಾವಾಗಲೂ ಆಪ್ಟಿಮಮ್ ಡಿಸೈನ್. ಆದರೆ ಬೇರೆಯವರು ಮಾಡಿದ ಭಾಗಕ್ಕೆ ಹೊಂದದ ಆಪ್ಟಿಮಮ್ ಡಿಸೈನ್ ಒಂಟಿಯಾಗಿ ಉಳಿದುಬಿಡುತ್ತೆ.

ಹಣ ಅವನಿಗೆ ಬೇಕಾದಷ್ಟು ಬಂತು. 1857ರಲ್ಲಿ ರಾಯಲ್ ಸೊಸೈಟಿ ಫೆಲೋ ಆದ, 1869ರಲ್ಲಿ ಬ್ಯಾರೊನೆಟ್ ಪದವಿ ಸಿಕ್ಕಿತು. ಮಕ್ಕಳಿರಲಿಲ್ಲ. 1868ರಲ್ಲಿ ಅವನು ವರ್ಷಕ್ಕೆ 100 ಪೌಂಡ್‌ನಂತೆ 30 ಸ್ಕಾಲರ್‌ಶಿಪ್‌ಗಳನ್ನು ಸ್ಥಾಪಿಸಿದ. ಅದರ ನಿಯಮ ಗಮನಿಸಿ: ಗಣಿತ, ಮೆಕ್ಯಾನಿಕ್ಸ್ ಗೊತ್ತಿದ್ದರೆ ಸಾಲದು, ಅರ ಹಿಡಿದು, ಲೇಥ್ ಮುಂದೆ ನಿಂತು ಕೈಕೆಲಸವನ್ನೂ ಮಾಡಿ ತೋರಿಸಬೇಕು. ಕೆಲಸಗಾರರ ಮಕ್ಕಳಿಗೆ ಥಿಯರಿ ಸಿಗಲಿ, ಓದಿದವರ ಕೈಗೆ ಮಸಿ ತಾಗಲಿ ಅನ್ನೋದು ಆಶಯ. ವಿಟ್‌ವರ್ತ್ ಸ್ಕಾಲರ್ ಅನ್ನುವ ಗೌರವ ಇಂಗ್ಲೆಂಡಿನಲ್ಲಿ ಇವತ್ತಿಗೂ ಇದೆ.

ಕೊನೆಯ ವರ್ಷಗಳಲ್ಲಿ ಆರೋಗ್ಯ ಕೆಟ್ಟಿತು. ಚಳಿಗಾಲ ಕಳೆಯಲು ಮೊನಾಕೊದ ಮಾಂಟೆ ಕಾರ್ಲೊಗೆ ಹೋಗಿದ್ದಾಗ 1887ರ ಜನವರಿ 22ರಂದು ತೀರಿಕೊಂಡ. ಡರ್ಬಿಶೈರ್‌ನ ಡಾರ್ಲಿ ಡೇಲ್‌ನಲ್ಲಿ ಸಮಾಧಿಯಾಯ್ತು, ಹುಡುಗನಾಗಿದ್ದಾಗ ಬಿಟ್ಟು ಹೋಗಿದ್ದ ಅದೇ ಸೀಮೆಯಲ್ಲಿ. ಅವನ ಆಸ್ತಿಯ ಬಹುಪಾಲು ಸಾರ್ವಜನಿಕ ಕೆಲಸಗಳಿಗೆ ಹೋಯ್ತು. ಮ್ಯಾಂಚೆಸ್ಟರ್‌ನ ವಿಟ್‌ವರ್ತ್ ಆರ್ಟ್ ಗ್ಯಾಲರಿ ಅವುಗಳಲ್ಲಿ ಒಂದು. ಕಾರ್ಲ್ ಬೆಂಝ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ, ಅಂದ್ರೆ ಅವನು ಸಾಯೋಕೆ ಸರಿಸುಮಾರು ಒಂದು ವರ್ಷ ಮುಂಚೆ. ಕಾರಿನ ಕಾಲವನ್ನು ಅವನು ನೋಡಲಿಲ್ಲ. ಆದರೆ ಬ್ರಿಟಿಷ್ ಕಾರುಗಳು ಬಂದಾಗ ಅವುಗಳ ತೂತುಗಳಿಗೆ ಅವನ ಹೆಸರು ಮೊದಲೇ ಕಾದಿತ್ತು.

ಅವನ ಥ್ರೆಡ್‌ಗೂ ಪ್ರತಿಸ್ಪರ್ಧಿಗಳಿದ್ದರು. 1864ರಲ್ಲೇ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ, ತುದಿ ಚಪ್ಪಟೆಯಾದ ಥ್ರೆಡ್ ಸೂಚಿಸಿದ್ದ. ದುಂಡು ತುದಿ ಕತ್ತರಿಸೋದು ಸಾಮಾನ್ಯ ಕೆಲಸಗಾರನಿಗೆ ಕಷ್ಟ, ಚಪ್ಪಟೆ ಸುಲಭ ಅನ್ನೋದು ಅವನ ವಾದ. ಅಮೆರಿಕ ಅದನ್ನೇ ಹಿಡಿಯಿತು. ಎರಡನೇ ಮಹಾಯುದ್ಧದಲ್ಲಿ ಇದರ ಬೆಲೆ ಗೊತ್ತಾಯ್ತು. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನನ್ನು ಅಮೆರಿಕದ ಪ್ಯಾಕರ್ಡ್ ಕಾರ್ ಕಂಪನಿ ತಯಾರಿಸಬೇಕಾದಾಗ, ಬ್ರಿಟಿಷ್ ಥ್ರೆಡ್ ಕತ್ತರಿಸುವ ಟ್ಯಾಪ್ ಮತ್ತು ಡೈಗಳನ್ನೂ ಅದೇ ಮಾಡಿಕೊಳ್ಳಬೇಕಾಯ್ತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ 60 ಡಿಗ್ರಿಯ ಯೂನಿಫೈಡ್ ಥ್ರೆಡ್ ಒಪ್ಪಿಕೊಂಡವು. ಈಗಿನ ಐ.ಎಸ್.ಒ. ಮೆಟ್ರಿಕ್ ಥ್ರೆಡ್ಡೂ 60 ಡಿಗ್ರಿಯದ್ದೇ. ವಿಟ್‌ವರ್ತ್‌ನ 55 ಎಂಜಿನ್‌ಗಳಿಂದ ಹೊರಗೆ ಹೋಯ್ತು. ಆದರೆ ಎಲ್ಲರೂ ಒಂದೇ ಪಟ್ಟಿಗೆ ಒಪ್ಪಬೇಕು ಅನ್ನುವ ಅವನ ವಿಚಾರ ಹೋಗಲಿಲ್ಲ, ಹೊಸ ಪಟ್ಟಿ ಬಂತು ಅಷ್ಟೆ.

ಅದಕ್ಕೇ ಹಳೆ ಎಂಜಿನ್‌ನಲ್ಲಿ ಖಾಲಿ ತೂತು ಗುರುತಿಸೋದು ಸ್ವಲ್ಪ ಪತ್ತೇದಾರಿ ಕೆಲಸ. ಮೊದಲು ಬೋಲ್ಟ್ ಇತ್ತಾ ಇಲ್ವಾ ಅಂತ ತೂತಿನ ಬಾಯಿ ನೋಡಿ. ಬೋಲ್ಟ್ ತಲೆ ಅಥವಾ ವಾಷರ್ ಒತ್ತಿದ್ದರೆ ಸುತ್ತ ಉಂಗುರದಂಥ ಹೊಳಪಿನ ಗುರುತು ಇರುತ್ತೆ. ಪೇಂಟೋ ತುಕ್ಕೋ ತೂತಿನ ಅಂಚಿನವರೆಗೆ ಒಂದೇ ಸಮ ಇದ್ದು, ಥ್ರೆಡ್ ಒಳಗೂ ಹಳೆ ಪೇಂಟ್ ಇದ್ದರೆ, ಅಲ್ಲಿ ಬಹುಶಃ ಫ್ಯಾಕ್ಟರಿಯಿಂದಲೇ ಏನೂ ಇರಲಿಲ್ಲ. ಥ್ರೆಡ್ಡೇ ಇಲ್ಲದೆ ನುಣ್ಣಗಿದ್ದರೆ ಅದು ಡವೆಲ್ ಪಿನ್ ಕೂರುವ ತೂತೋ, ಮಷೀನ್ ಮೇಲೆ ಹಿಡಿಯೋಕೆ ಕೊರೆದದ್ದೋ ಇರಬಹುದು.

ಆಮೇಲೆ ಒಂದು ತೆಳು ತಂತಿ ಇಳಿಸಿ ಆಳ ನೋಡಿ. ತಳ ಸಿಕ್ಕರೆ ಮುಚ್ಚಿದ ತೂತು. ತಳ ಸಿಗದಿದ್ದರೆ ಎಚ್ಚರ, ಅದು ನೀರು ಓಡಾಡುವ ಜಾಕೆಟ್‌ಗೋ ಆಯಿಲ್ ದಾರಿಗೋ ತೆರೆದುಕೊಂಡಿರಬಹುದು. ಅಂಥದ್ದಕ್ಕೆ ಪ್ಲಗ್ ಇರಲೇಬೇಕು. ಅದನ್ನು ಖಾಲಿ ತೂತು ಅಂದುಕೊಂಡು ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಶರ್ ಇರಲ್ಲ, ಎಂಜಿನ್ನೂ ಉಳಿಯಲ್ಲ. ಮುಚ್ಚಿದ ತೂತಿನಲ್ಲೂ ಒಂದು ಅಪಾಯ ಇದೆ. ತಳದಲ್ಲಿ ಆಯಿಲ್ ಅಥವಾ ನೀರು ನಿಂತಿರುವಾಗ ಬೋಲ್ಟ್ ಬಿಗಿದರೆ ದ್ರವಕ್ಕೆ ಹೋಗೋಕೆ ಜಾಗ ಇರಲ್ಲ, ಬ್ಲಾಕೇ ಬಿರುಕು ಬಿಡಬಹುದು. ಆದ್ದರಿಂದ ಮೊದಲು ಒಣಗಿಸಿ.

ಕೊನೆಗೆ ಥ್ರೆಡ್. ವ್ಯಾಸ ಅಳೆದರೆ ಮಾತ್ರ ಸಾಲದು. 5/16 ಇಂಚು ಅಂದ್ರೆ 7.94 ಮಿ.ಮೀ., ಎಂ8 ಅಂದ್ರೆ 8 ಮಿ.ಮೀ., ಕಣ್ಣಿಗೆ ಎರಡೂ ಒಂದೇ. ಆದರೆ 5/16ರ ವಿಟ್‌ವರ್ತ್ ಥ್ರೆಡ್ ಇಂಚಿಗೆ 18, ಪಿಚ್ ಸುಮಾರು 1.41 ಮಿ.ಮೀ.; ಎಂ8 ಪಿಚ್ 1.25. ತಪ್ಪು ಬೋಲ್ಟ್ ಎರಡು ಮೂರು ಸುತ್ತು ಸುಮ್ಮನೆ ಒಳಗೆ ಹೋಗಿ ಆಮೇಲೆ ಹಿಡಿಯುತ್ತೆ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಥ್ರೆಡ್ ಹೋಯ್ತು ಅಂತಲೇ ಲೆಕ್ಕ. 1/2 ಇಂಚಿನಲ್ಲಿ ವಿಟ್‌ವರ್ತ್ 12, ಅಮೆರಿಕದ್ದು 13. ಒಂದೇ ಒಂದು ಥ್ರೆಡ್ ವ್ಯತ್ಯಾಸ. ಹಾಗಾಗಿ ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ತೂತಿನೊಳಗೆ ಗೇಜ್ ಹೋಗದಿದ್ದರೆ, ಅಳತೆ ಗೊತ್ತಿರುವ ಬೋಲ್ಟನ್ನು ಬರೀ ಬೆರಳಿನಿಂದ ತಿರುಗಿಸಿ ಪರೀಕ್ಷಿಸಬೇಕು. ಬೆರಳಿನಿಂದ ಕೊನೆಯವರೆಗೆ ಹೋಗದ ಬೋಲ್ಟ್ ಆ ತೂತಿನದ್ದಲ್ಲ.

ಸ್ಪ್ಯಾನರ್‌ನೂ ನಂಬೋ ಹಾಗಿಲ್ಲ. ವಿಟ್‌ವರ್ತ್ ಸ್ಪ್ಯಾನರ್ ಮೇಲೆ ಬರೆದ ಅಳತೆ ಅದರ ಬಾಯಿಯ ಅಗಲ ಅಲ್ಲ, ಬೋಲ್ಟಿನ ವ್ಯಾಸ. ಇದಕ್ಕಿಂತ ದೊಡ್ಡ ತಮಾಷೆ ಹಳೆಯ ಎಂ.ಜಿ. ಟಿ.ಸಿ. ಸ್ಪೋರ್ಟ್ಸ್ ಕಾರಿನ ಎಂಜಿನ್‌ನಲ್ಲಿದೆ. ಮಾರಿಸ್ ಕಂಪನಿ ತನ್ನ ಎಂಜಿನ್ ಕಾರ್ಖಾನೆಯನ್ನು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯಿಂದ ಕೊಂಡಿತ್ತು. ಅಲ್ಲಿನ ಯಂತ್ರಗಳು ಕತ್ತರಿಸುತ್ತಿದ್ದದ್ದು ಮೆಟ್ರಿಕ್ ಥ್ರೆಡ್. ಆದರೆ ಬ್ರಿಟಿಷ್ ಗ್ಯಾರೇಜ್‌ಗಳಲ್ಲಿ ಇದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಅದಕ್ಕೆ ಬೋಲ್ಟಿನ ಮೈ ಮೆಟ್ರಿಕ್, ತಲೆ ವಿಟ್‌ವರ್ತ್ ಅಳತೆ! ತಲೆ ನೋಡಿ ತೂತಿನ ಥ್ರೆಡ್ ಊಹಿಸಿದವರು ಅಲ್ಲಿ ಕೆಟ್ಟರು. ನಮ್ಮಲ್ಲೂ ಚೆನ್ನೈನಲ್ಲಿ ತಯಾರಾದ ಹಳೆ ಬುಲೆಟ್‌ಗಳಲ್ಲಿ ಬ್ರಿಟಿಷ್ ಥ್ರೆಡ್‌ಗಳಿದ್ದವು. ಅವನ್ನು ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್‌ಗಳ ಡಬ್ಬದಲ್ಲಿ ವಿಟ್‌ವರ್ತ್ ಸ್ಪ್ಯಾನರ್ ಕಂಡರೆ ಆಶ್ಚರ್ಯಪಡಬೇಡಿ.

ಆ 55 ಡಿಗ್ರಿ ನೋಡೋಕೆ ಹಳೆ ಎಂಜಿನ್ನೇ ಬೇಕು ಅಂತಿಲ್ಲ. ಹಾಸ್ಟೆಲ್ ಬಾತ್‌ರೂಮಿನ ಅರ್ಧ ಇಂಚಿನ ನಲ್ಲಿ ಬಿಚ್ಚಿದರೆ ಸಾಕು. ನಮ್ಮ ದೇಶದ ಪೈಪ್ ಥ್ರೆಡ್ ಇವತ್ತಿಗೂ ವಿಟ್‌ವರ್ತ್‌ನ ಕೋನದ್ದೇ, ಅರ್ಧ ಇಂಚಿನ ಪೈಪಿಗೆ ಇಂಚಿಗೆ 14. ಕ್ಯಾಮೆರಾದ ಅಡಿಯಲ್ಲಿ ಟ್ರೈಪಾಡ್ ಕೂರಿಸುವ ತೂತು 1/4 ಇಂಚು, ಇಂಚಿಗೆ 20 ಥ್ರೆಡ್. 1841ರ ಪಟ್ಟಿಯಲ್ಲಿದ್ದ ಅದೇ ಸಂಖ್ಯೆ. ಬಹಳ ಜನರ ಕ್ಯಾಮೆರಾದಲ್ಲಿ ಆ ತೂತೂ ಖಾಲಿಯೇ ಇರುತ್ತೆ. ಆದರೆ ಯಾವತ್ತಾದರೂ ಟ್ರೈಪಾಡ್ ಬೇಕಾದಾಗ, ಯಾವ ದೇಶದ, ಯಾವ ಕಂಪನಿಯದ್ದು ತಂದರೂ ಅದು ಮೊದಲ ಸಲಕ್ಕೇ ಕೂರುತ್ತೆ.